ಅರಗಿನ ಮುದ್ರೆ ಹಾಕಿದ ಲೆಕ್ಕ

ನೀಲವ್ವ ಅಡುಗೆಮನೆಯಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಮಾತಿಲ್ಲ. ಆ ಮನೆಯಲ್ಲಿ ಮಾತಿಲ್ಲದೆ ಕೆಲಸ ಮಾಡುವುದೇ ಕ್ಷೇಮವಾಗಿತ್ತು, ಏಕೆಂದರೆ ಗೋಡೆಯ ಗೂಡಿನಲ್ಲಿ 'ಲೆಕ್ಕಿಗ' ಕೂತಿತ್ತು. ಸಾಬೂನಿನ ಗಾತ್ರದ ಈ ಯಂತ್ರ ಮನೆಯವರ ಮಾತನ್ನೆಲ್ಲ ಕೇಳುತ್ತಿತ್ತು. ಮಾತಿನಲ್ಲಿ ಅಂಕಿ ಇದ್ದರೆ ಜಮಾಖರ್ಚಿಗೆ ಸೇರಿಸುತ್ತಿತ್ತು. ಅಂಕಿ ಇಲ್ಲದ್ದನ್ನು ಬಿಟ್ಟುಬಿಡುತ್ತಿತ್ತು. ಹೋದ ಶ್ರಾವಣದಲ್ಲಿ ಬಂದ ಬೀಗರೊಬ್ಬರು ತಮಗೆ ಅರವತ್ತೆಂಟು ತುಂಬಿತೆಂದು ಹೇಳಿ, ಆ ದಿನದ ಖರ್ಚನ್ನು ಅರವತ್ತೆಂಟು ರೂಪಾಯಿ ಏರಿಸಿ ಹೋಗಿದ್ದರು.

ಸೊಪ್ಪು ಮುಗಿದ ಮೇಲೆ ನೀಲವ್ವ ಗೂಡಿನತ್ತ ತಿರುಗಿ, "ಮೆಂತ್ಯ, ನಲವತ್ತೆರಡು" ಎಂದಳು. ತರಕಾರಿ ಗಾಡಿಯ ಬೀಬಿಜಾನಳಿಗೆ ಅವಳು ಕೊಟ್ಟದ್ದು ಮೂವತ್ತೆರಡು. ಉಳಿದ ಹತ್ತು ಸಾಸಿವೆ ಡಬ್ಬಿಗೆ ಬಿತ್ತು. ಹನ್ನೊಂದು ವರ್ಷದಿಂದ ದಿನಕ್ಕೆ ಹತ್ತು. ಬಚ್ಚಲಲ್ಲಿ ಜಾರಿ ಬಿದ್ದು ಮೇಲಿನ ಮೂರು ಹಲ್ಲು ಕಳೆದುಕೊಂಡಂದಿನಿಂದ ಅವಳು ಸೆರಗು ಮರೆ ಮಾಡಿಯೇ ನಗುತ್ತಿದ್ದಳು. ಹಲ್ಲಿನ ಡಾಕ್ಟರು ಹೇಳಿದ್ದು ನಲವತ್ತು ಸಾವಿರ. ಡಬ್ಬಿಯಲ್ಲಿ ಅಷ್ಟು ಕೂಡಿತ್ತು. ಸೋಮವಾರ ಹೋಗುವುದೆಂದು ಅವಳು ಬೀಬಿಜಾನಳಿಗೆ ಮಾತ್ರ ಹೇಳಿದ್ದಳು.

ಗುರುವಾರ ಲೆಕ್ಕಿಗ ಕೆಟ್ಟಿತು. ಹೊಸದು ಬಂತು, ಹಳೆಯ ಲೆಕ್ಕ ಮಾತ್ರ ಬರಲಿಲ್ಲ.

ನೀಲವ್ವನ ಮಾವ ಮುರಿಗೆಪ್ಪನವರು ಹೆದರಲಿಲ್ಲ. ಅವರು ಗದಗಿನ ಖಜಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ಇಡೀ ಲೆಕ್ಕದ ಏಳು ಕಾಪುಪ್ರತಿಗಳನ್ನು ಏಳು ಬಿಲ್ಲೆಗಳಲ್ಲಿ ತುಂಬಿ, ದೇವರ ಜಗಲಿ, ಜೋಳದ ಕಣಜ, ಬ್ಯಾಂಕಿನ ಲಾಕರು ಎಂದು ಏಳು ಕಡೆ ಇಟ್ಟಿದ್ದರು. ಲೆಕ್ಕಿಗವನ್ನು ಮಾಡುವ ಕಂಪನಿಯ ವಿಜ್ಞಾನಿ ವಸುಮತಿ ಗಲಗಲಿ ಬಂದಾಗ ಏಳನ್ನೂ ತಂದು ಸಾಲಾಗಿ ಜೋಡಿಸಿದರು. ಪ್ರತಿಯೊಂದರ ಮೇಲೂ ಕೆಂಪು ಅರಗಿನ ಮುದ್ರೆ.

ವಸುಮತಿ ಒಂದನ್ನು ಎತ್ತಿ ಮೂಸಿ ನೋಡಿ, ಇದನ್ನು ಹೇಗೆ ಹಚ್ಚಿದಿರಿ ಎಂದು ಕೇಳಿದಳು. ಖಜಾನೆಯ ಚೀಲಕ್ಕೆ ಹಚ್ಚುವ ಹಾಗೆ, ಕುದಿಯುವ ಅರಗು ಸುರಿದು, ಎಂದರು ಮುರಿಗೆಪ್ಪ.

"ಏಳು ಕಡೆ ಇಟ್ಟೀರಿ. ಒಮ್ಮೆಯರ ತಗದು ನೋಡೀರೇನ್ರಿ?"

"ಸೀಲ್ ಹಾಕಿದ್ದನ್ನ ತಗಿಯಾಕ ಬರೂದಿಲ್ಲವ್ವಾ. ತಗದ್ರ ಅದು ಸೀಲ್ ಹೆಂಗಾತು?"

ಅರಗಿನ ಬಿಸಿಗೆ ಏಳೂ ಬಿಲ್ಲೆಗಳ ಅಂಚು ಸುಟ್ಟಿತ್ತು. ಸುಟ್ಟಷ್ಟು ಹೋಗಿ ಉಳಿದದ್ದು ಸಿಗಬೇಕಿತ್ತಲ್ಲ ಎಂದು ಅವರು ಕೇಳಿದಾಗ ವಸುಮತಿ ವಿವರಿಸಿದಳು. ಲೆಕ್ಕವನ್ನು ಉಳಿಸಲು ಎರಡು ರೂಪಗಳಿದ್ದವು. ಬಿಡಿರೂಪ ಬರೀ ಅಕ್ಷರ ಮತ್ತು ಅಂಕಿ. ಯಾವ ಯಂತ್ರವಾದರೂ ಓದಬಲ್ಲದು, ಅರ್ಧ ಸುಟ್ಟರೂ ಉಳಿದರ್ಧ ಓದಬಹುದು. ಬಿಗಿರೂಪ ಕಂಪನಿಯ ಗುಟ್ಟಿನ ಗಂಟು. ಒಂದೆಳೆ ಹೋದರೆ ಪೂರ್ತಿ ಹೋದಂತೆ. ಮುರಿಗೆಪ್ಪ ಆರಿಸಿದ್ದು ಬಿಗಿರೂಪವನ್ನು. ಕಂಡವರೆಲ್ಲ ಓದುವಂಥದ್ದು ಲೆಕ್ಕವಲ್ಲ, ಗೋಡೆಬರಹ ಎಂಬುದು ಅವರ ಅಭಿಪ್ರಾಯವಾಗಿತ್ತು.

ಆದರೂ ದಾರಿಯಿತ್ತು. ವಸುಮತಿ ಕಂಡುಹಿಡಿದದ್ದೇ ಅದು, 'ಎದುರುಪ್ರತಿ'. ನೀವು ಕೊಂಡ ಒಂದೊಂದು ವಸ್ತುವನ್ನೂ ಯಾರೋ ಮಾರಿರುತ್ತಾರೆ. ಅವರ ಲೆಕ್ಕಿಗದಲ್ಲಿಯೂ ಅದು ಇರುತ್ತದೆ. ಅವರ ಜಮೆಗಳನ್ನು ಕೂಡಿಸಿದರೆ ನಿಮ್ಮ ಖರ್ಚು ತಾನೇ ಎದ್ದು ನಿಲ್ಲುತ್ತದೆ. ಮುರಿಗೆಪ್ಪ ದಿನಾ ಯಾರಿಗೆ, ಯಾವ ಖರ್ಚಿಗೆಂದು, ಎಷ್ಟು ಎಣಿಸಿ ಕೊಟ್ಟರೆಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿದ್ದರು. ಅದರ ಜೊತೆ ತಾಳೆ ನೋಡಿದರಾಯಿತು.

ನೀಲವ್ವ ವಸುಮತಿಗೆ ಚಹಾ ತಂದುಕೊಟ್ಟಳು. ಸೆರಗಿನ ಮರೆಯಿಂದ ಮೆಲ್ಲಗೆ ಕೇಳಿದಳು. "ಬಾಯಾರ, ಒಂದು ಸಾಲು ತಪ್ಪು ಬರಸಿದ್ರ, ಅದನ್ನ ತಪ್ಪಾಗೇ ಉಳಸಾಕ ಬರೂದಿಲ್ಲೇನ್ರಿ?"

"ಅದಕ್ಕ ತಪ್ಪು ಒಪ್ಪು ಗೊತ್ತಿಲ್ಲವ್ವಾ. ತಾಳೆ ಆಗೂದಷ್ಟ ಗೊತ್ತು."

ಒಂದು ತಾಸಿನಲ್ಲಿ ಹನ್ನೊಂದು ವರ್ಷ ತಾಳೆಯಾದವು. ಲೆಕ್ಕಿಗ ಮೂರು ವ್ಯತ್ಯಾಸಗಳನ್ನು ಓದಿ ಹೇಳಿತು. ಮುರಿಗೆಪ್ಪನವರು ಸಕ್ಕರೆ ಕಾಯಿಲೆಯ ಔಷಧವೆಂದು ಬರೆದದ್ದು ಜಿಲೇಬಿ ಅಂಗಡಿಯಲ್ಲಿ ಸಿಕ್ಕಿತು. ನೀಲವ್ವನ ಗಂಡ ಶಿವಯೋಗಿ ಗ್ರಂಥಾಲಯದ ವಂತಿಗೆ ಎಂದದ್ದು ಇಸ್ಪೀಟು ಕ್ಲಬ್ಬಿನಲ್ಲಿ ಸಿಕ್ಕಿತು. ಇವೆರಡರ ಮುಂದೆ ಮುರಿಗೆಪ್ಪ 'ಪರಿಶೀಲಿಸಿದೆ, ಸರಿಯಿದೆ' ಎಂದು ಷರಾ ಹಾಕಿಸಿದರು. ಮೂರನೆಯದು ತರಕಾರಿ: ನಲವತ್ತು ಸಾವಿರದ ನೂರೈವತ್ತು.

ನೀಲವ್ವ ಸಾಸಿವೆ ಡಬ್ಬಿ ತಂದು ಮಾವನ ಮುಂದಿಟ್ಟಳು. ಬೈಗುಳ ಬರಲಿಲ್ಲ. ಅವರು ಎರಡು ಸಲ ಎಣಿಸಿದರು, ಕನ್ನಡಕ ಒರೆಸಿಕೊಂಡರು. ಇಡೀ ನೌಕರಿಯಲ್ಲಿ ತಾವು ಇಷ್ಟು ಪ್ರಾಮಾಣಿಕ ಹೆಚ್ಚುವರಿ ಕಂಡಿರಲಿಲ್ಲವೆಂದರು. ಶಿವಯೋಗಿ ಹೆಂಡತಿಯನ್ನು ಮೊದಲ ಬಾರಿ ನೋಡುವವನಂತೆ ನೋಡಿ, ಮೆಚ್ಚಿದ.

"ಹಲ್ಲು ಕಟ್ಟಸ್ಕೋಳಾಕ ಇಟ್ಟಿದ್ನಿರಿ," ಎಂದಳು ನೀಲವ್ವ.

"ಹಲ್ಲು ಹೋದವರು ಊಟ ಬಿಟ್ಟಾರೇನವ್ವಾ? ಲೆಕ್ಕ ಹೋದ್ರ ಮನಿತನಾನ ಹೋತು," ಎಂದರು ಮುರಿಗೆಪ್ಪ, ಹೋದ ವರ್ಷ ಕಟ್ಟಿಸಿಕೊಂಡ ಎರಡೂ ಸಾಲು ಹಲ್ಲು ಹೊಳೆಯುವ ಹಾಗೆ.

ಕಂಪನಿಯಲ್ಲಿ 'ಅಮರಪ್ರತಿ' ಎಂಬ ಯೋಜನೆಯಿತ್ತು. ಮನೆಯ ಲೆಕ್ಕವನ್ನು ಬಿಡಿರೂಪದಲ್ಲಿ, ಚಂದ್ರನ ಮೇಲಿನ ಕೋಠಿಯಲ್ಲಿ ಮುನ್ನೂರು ವರ್ಷ ಕಾಯುತ್ತಾರೆ, ಅರಗಿನ ಗೊಡವೆಯಿಲ್ಲ. ಬೆಲೆ ನಲವತ್ತು ಸಾವಿರ. ಮುರಿಗೆಪ್ಪ ಅಲ್ಲಿಯೇ ಸಹಿ ಮಾಡಿದರು. ಉಳಿದ ನೂರೈವತ್ತಕ್ಕೆ ಪೇಢೆ ಬಂತು. ಆ ತಿಂಗಳು ಎದುರುಪ್ರತಿ ಅವರ ಊರಾದ ಬೆಟಗೇರಿಯ ಮನೆಮನೆಗೂ ಹೋಯಿತು. ಅಮರಪ್ರತಿ ಕೊಳ್ಳಲು ದುಡ್ಡು ಎಲ್ಲಿಂದ ಬಂತೆಂದು ಯಾವ ಮನೆಯಲ್ಲಿಯೂ ಯಾರೂ ಕೇಳಲಿಲ್ಲ. ಕಂಪನಿಯೇ ಜಮೆಯ ಪಟ್ಟಿಗೆ 'ಸಾಸಿವೆ' ಎಂಬ ಹೊಸ ಕಲಮು ಸೇರಿಸಿತು.

ನೀಲವ್ವ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕೆಂದಿದ್ದ ಸೋಮವಾರ ಮಧ್ಯಾಹ್ನ ಮಾವ ಮತ್ತು ಗಂಡ ಊಟಕ್ಕೆ ಕೂತಿದ್ದರು. ಹನ್ನೊಂದು ವರ್ಷಗಳ ಲೆಕ್ಕ ಚಂದ್ರನನ್ನು ಸುರಕ್ಷಿತವಾಗಿ ತಲುಪಿತೆಂದು ಲೆಕ್ಕಿಗ ಹೇಳಿತು. ಕಳೆದದ್ದು ಯಾವುದೇ ಇರಲಿ, ಕೇಳಿದರೆ ಮರಳಿ ತಂದುಕೊಡುವುದಾಗಿಯೂ ಹೇಳಿತು. ರೊಟ್ಟಿ ಬಡಿಸುತ್ತಿದ್ದ ನೀಲವ್ವ ಬುಟ್ಟಿ ಕೆಳಗಿಟ್ಟಳು. ಬಾಯಿಗೆ ಸೆರಗು ಮರೆ ಮಾಡದೆ, ಗೂಡಿಗೂ ಗಂಡಸರಿಗೂ ಕೇಳುವ ಹಾಗೆ ಹೇಳಿದಳು.

"ಹಂಗಾರ ನನ್ನ ಹಲ್ಲಿನ ರೊಕ್ಕ ನನಗ ವಾಪಸ್ ಕೊಡಸ್ರಿ."

ಮುರಿಗೆಪ್ಪ ರೊಟ್ಟಿ ಮುರಿದರು. ಶಿವಯೋಗಿ ನೀರು ಕುಡಿದ. ಅಂಕಿ ಇಲ್ಲದ ಮಾತಾದ್ದರಿಂದ ಲೆಕ್ಕಿಗ ಅದನ್ನು ಬರೆದುಕೊಳ್ಳಲಿಲ್ಲ.