ಎರೆಮಣ್ಣಿನ ಚೀಲ

“ಆ ಚೀಲ ಬಿಚ್ಚಬ್ಯಾಡ್ರಿ, ಅಳಿಯಂದ್ರ. ದಾರ್ಯಾಗ ಎಲ್ಲೂ ನೆಲಕ್ಕ ಇಳಸಬ್ಯಾಡ್ರಿ. ತೊಡಿ ಮ್ಯಾಲ ಇಟ್ಕೊಂಡ ಹೋಗ್ರಿ.”

ಜ್ವರದಲ್ಲಿ ಕಂಬಳಿ ಹೊದ್ದು ಕೂತಿದ್ದ ರಾಚವ್ವ ಹೀಗೆಂದಾಗ ಮುರಿಗೆಪ್ಪನಿಗೆ ನಗು ತಡೆಯಲಾಗಲಿಲ್ಲ.

“ಮಣ್ಣಿಗೂ ತಿಕೀಟು ತಗೀಬೇಕೇನ್ರಿ ಆಯಿ? ಹಾಫ್ ತಿಕೀಟು?”

ಮುದುಕಿ ನಗಲಿಲ್ಲ. “ನಕ್ಕೋತ ಹೋಗ್ರಿ, ನಕ್ಕೋತ ಮುಟ್ಟಸ್ರಿ. ಅಷ್ಟ ಸಾಕು.”

ಬೊರಿವಲಿಯ ಬಯಲಿನಲ್ಲಿ ಆವತ್ತು ಸರ್ಕಸ್ಸಿನ ಡೇರೆ ಬಿಚ್ಚುತ್ತಿದ್ದರು. ಮುಂದಿನ ಮೊಕ್ಕಾಂ ಸಯನ್. ಲಾರಿಗಳು ಸಂಜೆಗೆ ಹೊರಡುವವು. ಆದರೆ ಸಯನ್ನಿನಲ್ಲಿ ನಡುಗಂಬದ ಗುಂಡಿ ಮಧ್ಯಾಹ್ನಕ್ಕೇ ಸಿದ್ಧವಾಗಿರುತ್ತಿತ್ತು, ಚೀಲ ಅಷ್ಟರೊಳಗೆ ಅಲ್ಲಿಗೆ ಮುಟ್ಟಬೇಕಿತ್ತು. ಯಾವಾಗಲೂ ಅದನ್ನು ಒಯ್ಯುತ್ತಿದ್ದ ರಾಚವ್ವನಿಗೆ ಈ ಸಲ ಏಳಲೂ ತ್ರಾಣವಿರಲಿಲ್ಲ. ಅವಳ ಮಗ, ಸರ್ಕಸ್ಸಿನ ಯಜಮಾನ ಗುರಲಿಂಗಪ್ಪ, ಹಗ್ಗ ಗೂಟಗಳ ನಡುವೆ ಗಂಟಲು ಹರಿದುಕೊಳ್ಳುತ್ತಿದ್ದ. ಹೀಗಾಗಿ ಕೆಲಸ ಹೊಸ ಅಳಿಯನ ಕೊರಳಿಗೆ ಬಿತ್ತು.

ಮುರಿಗೆಪ್ಪ ಬೆಳಗಾವಿಯವನು, ದಾದರಿನ ಇಲೆಕ್ಟ್ರಿಕ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಡೇರೆಗೆ ದೀಪ ಹಾಕಲು ಬಂದವನು ತಂತಿಯ ಮೇಲೆ ನಡೆಯುತ್ತಿದ್ದ ಗುರಲಿಂಗಪ್ಪನ ಮಗಳು ಚಂದ್ರವ್ವನನ್ನು ತಲೆಯೆತ್ತಿ ನೋಡಿದ; ಆಮೇಲೆ ತಲೆ ಇಳಿಸಿದ್ದು ತಾಳಿ ಕಟ್ಟಲಿಕ್ಕೆ. ಈಗ ಅವಳು ಬಸುರಿ. ಅವಳನ್ನು ತಂತಿಯಿಂದ ಇಳಿಸಬೇಕು, ದಾದರಿನ ಚಾಳಿನ ತನ್ನ ಖೋಲಿಯಲ್ಲಿ ತಂದಿಡಬೇಕು, ಹೆಂಡತಿ ಮಗುವಿನ ಕಾಲಡಿಗೆ ಗಟ್ಟಿ ನೆಲವಿರಬೇಕು. ಅವನಿಗಿದ್ದದ್ದು ಅದೊಂದೇ ಹಂಬಲ. ಸಯನ್ನಿನ ಮೊದಲ ಕೆಲವು ಆಟ ಮುಗಿಸಿ ಬರುತ್ತೇನೆಂದು ಚಂದ್ರವ್ವ ಒಪ್ಪಿಯೂ ಇದ್ದಳು.

ಚೀಲದ ಕತೆ ಡೇರೆಯಲ್ಲಿ ಎಲ್ಲರಿಗೂ ಗೊತ್ತು. ರಾಚವ್ವನ ಗಂಡ ಬಸವಂತಪ್ಪ ತನ್ನ ಮೊದಲ ಕಂಬ ನೆಟ್ಟಿದ್ದು ವಿಜಾಪುರದ ಕಡೆಯ ಒಂದು ಎರೆಹೊಲದಲ್ಲಿ. ಹೊಲ ಅವನದಲ್ಲ, ಸತ್ತ ಅಣ್ಣನ ಹೆಂಡತಿ ನೀಲಾಬಾಯಿಯದು. ಕೇಳಲಿಲ್ಲ, ಹೇಳಲಿಲ್ಲ, ತೆನೆ ಹೊತ್ತು ನಿಂತ ಜೋಳ ತುಳಿದು ಡೇರೆ ಎಬ್ಬಿಸಿದ. ನೀಲಾಬಾಯಿ ಮಾಟಗಾರನನ್ನು ಕರೆಸಿದಳು. ಕಂಬದ ಬುಡದಲ್ಲಿ ಕೂದಲು, ಉಗುರು, ಕೊಯ್ದ ನಿಂಬೆಹಣ್ಣು ಹೂಳಿಸಿದಳು. ಒಂದು ಹಿಡಿ ಮಣ್ಣು ತೂರಿ ಅಂದಳು: “ನನ್ನ ನೆಲಾ ತುಳದ್ರಿ. ಇನ್ನ ಬ್ಯಾರೆ ಯಾವ ನೆಲಾನೂ ನಿಮ್ಮನ್ನ ಹೊರಬಾರದು.” ಮುಂದಿನ ಊರಿನಲ್ಲಿ, ಹಾಡುಹಗಲೇ, ಬಂಡೆಯಂಥ ಗಟ್ಟಿ ನೆಲದಲ್ಲಿ ಬಸವಂತಪ್ಪ ಸೊಂಟದವರೆಗೆ ಹೂತುಹೋಗಿ ಸತ್ತ.

ಅಂದಿನಿಂದ ಆ ಹೊಲದ ಮಣ್ಣು ಇವರ ಜೊತೆ ಊರೂರು ತಿರುಗುತ್ತದೆ. ಗುಂಡಿಗೆ ಮೊದಲು ಆ ಮಣ್ಣು, ಅದರ ಮೇಲೆ ಕಂಬ. ಊರು ಬಿಡುವಾಗ ಮತ್ತೆ ಅದೇ ಮಣ್ಣನ್ನು ಬಾಚಿ ಚೀಲಕ್ಕೆ. ಕಂಬ ಇನ್ನೂ ನೀಲಾಬಾಯಿಯ ಹೊಲದಲ್ಲೇ ಇದೆ ಎಂದು ಶಾಪ ನಂಬಬೇಕು, ಅಷ್ಟೇ. ಶಾಪಕ್ಕೇ ಟೋಪಿ ಹಾಕುವ ಜನ ಎಂದು ಮುರಿಗೆಪ್ಪ ಅಂಗಡಿಯಲ್ಲಿ ಎಲ್ಲರೆದುರು ಆಡಿಕೊಂಡು ನಗುತ್ತಿದ್ದ.

ಲೋಕಲ್‌ನಲ್ಲಿ ಚೀಲ ತೊಡೆಯ ಮೇಲೆ ಕೂತಿತ್ತು. ಕೂಸಿನಷ್ಟು ತೂಕ, ಕೂಸಿನಷ್ಟೇ ಬೆಚ್ಚಗೆ. ಸಯನ್ನಿಗೆ ಹೋಗಲು ದಾದರಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಇಳಿದವನಿಗೆ ಖೋಲಿ ನೆನಪಾಯಿತು. ಖೋಲಿಯ ಬಾಗಿಲಲ್ಲಿ ಚಂದ್ರವ್ವ ತಂದಿಟ್ಟ ತುಳಸಿಯ ಕುಂಡ ಖಾಲಿ ಬಿದ್ದಿತ್ತು. ಚಲೋ ಮಣ್ಣು ತಂದುಕೊಡಿ ಎಂದು ಅವಳು ಎಷ್ಟು ಸಲ ಹೇಳಿದ್ದಳೋ! ಮನುಷ್ಯರಿಗೇ ಜಾಗವಿಲ್ಲದ ಮುಂಬಯಿಯಲ್ಲಿ ತುಳಸಿಗೆ ಮಣ್ಣೆಲ್ಲಿ? ಇಲ್ಲಿ ನೋಡಿದರೆ ಕೈಯಲ್ಲೇ ವಿಜಾಪುರದ ಎರೆಮಣ್ಣು, ಬೆಣ್ಣೆಯಂಥದ್ದು.

ಅವನು ಖೋಲಿಗೆ ಹೋಗಿ ಚೀಲ ನೆಲಕ್ಕಿಟ್ಟ. ಬಿಚ್ಚಿದ. ಕುಂಡಕ್ಕೆ ಸುರಿದ. ಪಕ್ಕದಲ್ಲಿ ಬಿಲ್ಡಿಂಗ್ ಕಟ್ಟಲು ಅಗೆದಿದ್ದ ಕೆಂಪು ಗರಸನ್ನು ಚೀಲಕ್ಕೆ ತುಂಬಿದ. ಸಯನ್ನಿಗೆ ಬಂದವನು ಯಾರೂ ಇಣುಕುವ ಮುಂಚೆ ತಾನೇ ಗುಂಡಿಗೆ ಸುರಿದ.

ಮರುದಿನ ಕಂಬ ಎದ್ದಿತು. ಆಮೇಲೆ ಯಾರ ಕಾಲೂ ಒಂದೆಡೆ ನಿಲ್ಲಲಿಲ್ಲ.

ಕುದುರೆಗಳು ರಿಂಗಿನಲ್ಲಿ ಒಂದು ಕಾಲೆತ್ತಿ, ಇನ್ನೊಂದು ಕಾಲೆತ್ತಿ ಕೆನೆಯುತ್ತಿದ್ದವು. ಅಡಿಗೆಯವರು ಒಲೆಯ ಮುಂದೆ ಕಾದ ಹೆಂಚಿನ ಮೇಲೆ ನಿಂತವರಂತೆ ಕಾಲು ಬದಲಿಸುತ್ತಿದ್ದರು. ಕಂಬದ ಬುಡದಿಂದ ಕೊಳೆತ ನಿಂಬೆಹಣ್ಣಿನ ವಾಸನೆ, ಜೊತೆಗೆ ಸುಟ್ಟ ಕೂದಲಿನ ವಾಸನೆ. ಜೋಕರ್ ದೂಜ ಮಂಗಳೂರಿನವ, ಬೀಳುವುದೇ ಅವನ ಕಸುಬು. ಅವನೂ ಹೆದರಿದ.

“ನಾನು ಬಿದ್ದದ್ದಲ್ಲ ಮಾರಾಯ್ರೆ,” ಎಂದ, ಮುಖದ ಬಣ್ಣ ಒರೆಸಿಕೊಳ್ಳುತ್ತ. “ಕೆಳಗಿಂದ ಯಾರೋ ಎಳೆದದ್ದು.”

“ಸೇಂದಿ ಜಾಸ್ತಿ ಆಗೇತಿ ನಿನಗ,” ಎಂದ ಮುರಿಗೆಪ್ಪ. ಅನ್ನುವಾಗ ಅವನೂ ಕಾಲು ಬದಲಿಸಿದ.

ಖೋಲಿಯಲ್ಲಿ ಮಾತ್ರ ಎಲ್ಲ ಶಾಂತ. ಎರೆಮಣ್ಣಿನಲ್ಲಿ ಅವನು ನೆಟ್ಟ ತುಳಸಿ ದಟ್ಟವಾಗಿ ಚಿಗುರಿತು. ಒಂದು ದಿನ ಬಂದುಹೋದ ಚಂದ್ರವ್ವ ಹೊಸ್ತಿಲ ಮೇಲೆ ಕೂತು, “ಇಲ್ಲಿ ನನ್ನ ಕಾಲಿಗೆ ಎಷ್ಟ ಸಮಾಧಾನ ಆಗ್ತೈತ್ರಿ,” ಎಂದಳು. ಅವನು ಹಿಗ್ಗಿ ಅವಳಿಗೆ ಚಹಾ ಮಾಡಿಕೊಟ್ಟ. ಆ ಸಮಾಧಾನ ಎಲ್ಲಿಂದ ಬಂತೆಂದು ಯೋಚಿಸಲಿಲ್ಲ ಪುಣ್ಯಾತ್ಮ.

ಎಪ್ಪತ್ತೊಂದರ ಡಿಸೆಂಬರ್ ಅದು. ಯುದ್ಧ ಶುರುವಾಗಿತ್ತು. ಕಿಟಕಿಗಳಿಗೆಲ್ಲ ಕಪ್ಪು ಕಾಗದ. ಆಟ ಕತ್ತಲಾಗುವುದರೊಳಗೆ ಮುಗಿಯಬೇಕು, ಸೈರನ್ ಕೂಗಿದರೆ ದೀಪ ಆರಿಸಬೇಕು ಎಂದು ಪೊಲೀಸರ ಕಟ್ಟಪ್ಪಣೆ. ಅಂದು ಚಂದ್ರವ್ವನ ಕೊನೆಯ ಆಟ; ಶುರುವಾಗಿದ್ದೇ ತಡವಾಗಿ, ಹೊರಗೆ ಆಗಲೇ ಕತ್ತಲು ಕವಿದಿತ್ತು. ನಡುಗಂಬದಿಂದ ಆಚೆಯ ಸಣ್ಣ ಕಂಬಕ್ಕೆ ತಂತಿ ಬಿಗಿದಿತ್ತು. ಅವಳು ಛತ್ರಿ ಹಿಡಿದು ತಂತಿಯ ನಡುವೆ ಬಂದಿದ್ದಳು. ಮುರಿಗೆಪ್ಪ ದೀಪದ ಸ್ವಿಚ್ಚಿನ ಹತ್ತಿರ ನಿಂತು, ಇನ್ನಿಷ್ಟೇ ಹೆಜ್ಜೆ, ಇನ್ನಿಷ್ಟೇ ಹೆಜ್ಜೆ ಎಂದುಕೊಳ್ಳುತ್ತಿದ್ದ.

ಸೈರನ್ ಕೂಗಿತು.

“ಬತ್ತಿ ಬಂದ್ ಕರೋ!” ಬಾಗಿಲಿನಿಂದ ಪೊಲೀಸನ ಕೂಗು.

“ಆಕಿ ತಂತಿ ಮ್ಯಾಲ ಅದಾಳ್ರಿ!”

“ಬಂದ್ ಕರೋ! ಸಬ್ ಮರೇಂಗೇ!”

ಪೊಲೀಸ ಓಡಿಬಂದು ತಾನೇ ಸ್ವಿಚ್ ಎಳೆದ.

ಕತ್ತಲೆ. ಸೈರನ್ ಏರಿತು, ಇಳಿಯಿತು, ನಿಂತಿತು. ಜನ ಉಸಿರು ಹಿಡಿದು ಕೂತಿದ್ದರು. ಆ ನಿಶ್ಶಬ್ದದಲ್ಲಿ ನಡುಗಂಬದ ಬುಡದಿಂದ ಒಂದು ಸಪ್ಪಳ. ಯಾರೋ ನೀರು ನುಂಗಿದಂತೆ. ಗುಟುಕ್. ಮೇಲೆ ತಂತಿ ನರಳಿತು.

ಮತ್ತೆ, ಗುಟುಕ್. ಕಂಬ ಇಳಿಯುತ್ತಿತ್ತು.

“ಅಪ್ಪಾ!” ಕತ್ತಲಿನ ಎತ್ತರದಿಂದ ಚಂದ್ರವ್ವನ ದನಿ. “ತಂತಿ ಸಡಲಾಗ್ತೈತಿ! ಅಪ್ಪಾ!”

ಮುರಿಗೆಪ್ಪ ಓಡಿದ. ಎಡವಿದ. ತೆವಳಿದ. ಕಂಬ ಕೈಗೆ ಸಿಕ್ಕಿತು. ಅದರ ಪಕ್ಕ ಇನ್ನೊಂದು ಕೈ ಸಿಕ್ಕಿತು, ಇನ್ನೂ ಬಿಡದ ಜ್ವರದಿಂದ ಸುಡುವ ಕೈ. ರಾಚವ್ವ ಕುಕ್ಕರಿಸಿ ಕೂತು ಬುಡದ ಮಣ್ಣನ್ನು ಬೆರಳಲ್ಲಿ ಉಜ್ಜುತ್ತಿದ್ದಳು.

“ಇದು ನಮ್ಮ ಮಣ್ಣಲ್ಲ,” ಎಂದಳು. “ನಮ್ಮದೆಲ್ಲೈತಿ?”

“ದಾದರದಾಗ... ತುಳಸಿ ಕುಂಡದಾಗ... ಈಗ ತರ್ತೀನ್ರಿ ಆಯಿ, ಈಗ...”

“ತರೂದ್ರಾಗ ಹುಡುಗಿ ಇರಂಗಿಲ್ಲ.” ಮುದುಕಿಯ ಉಗುರು ಅವನ ಮೊಣಕೈಗೆ ನೆಟ್ಟಿತು. “ಚೀಲ ಇಳಿಸಿದ್ದು ನಿನ್ನ ಕೈ. ಕಾಲು ಇಡು ಬುಡಕ್ಕ. ‘ನನ್ನ ನಿಲುವು ತಗೋ’ ಅನ್ನು. ನಿಂದೊಂದ ಹೇಳು. ಬ್ಯಾರೆ ಏನೂ ಬಾಯಿಗೆ ತರಬ್ಯಾಡ.”

ಗುಟುಕ್. ತಂತಿ ಜೋತಿತು. ಮೇಲೆ ಛತ್ರಿ ಜಾರಿತು. ಅವನ ತಲೆಯ ಪಕ್ಕದಲ್ಲೇ ಬಿತ್ತು. ಅವನು ಎರಡೂ ಕಾಲು ಬುಡಕ್ಕೆ ತೂರಿಸಿದ. ತಣ್ಣಗಿತ್ತು. ಒಳಗೆ ಒದ್ದೆ ಕೂದಲು. ಕೂದಲು ಬೆರಳ ಸಂದಿಗೆ ಸುತ್ತಿತು. ಎಳೆಯಿತು. ಅವನಿಗೆ ಬುದ್ಧಿಯೇ ಉಳಿಯಲಿಲ್ಲ.

“ತಗೋ! ನಂದು ತಗೋ! ನಂದೇನೈತೆಲ್ಲಾ ತಗೋ! ಆಕಿನ್ನ ಬಿಡು!”

ರಾಚವ್ವನ ಅಂಗೈ ಅವನ ಬಾಯಿ ಮುಚ್ಚಲು ಹಾರಿತು. ಹೊತ್ತು ಮೀರಿತ್ತು.

ಕಂಬ ನಿಂತಿತು. ವಾಸನೆ ಹೋಯಿತು. ಮೇಲೆ, ಕಗ್ಗತ್ತಲಿನಲ್ಲಿ, ತಂತಿಯ ಮೇಲೆ ಮೆಲ್ಲಗೆ ಬರಿಗಾಲು ಉಜ್ಜುವ ಸಪ್ಪಳ. ಒಂದು ಹೆಜ್ಜೆ. ಮತ್ತೊಂದು. ಆಚೆ ಕಂಬದ ಏಣಿ ಕಿರುಗುಟ್ಟಿತು. ದೀಪ ಬಂದಾಗ ಚಂದ್ರವ್ವ ನೆಲದ ಮೇಲಿದ್ದಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಳುತ್ತಿದ್ದಳು. ಜನ ಚಪ್ಪಾಳೆ ತಟ್ಟಿದರು. ಮುರಿಗೆಪ್ಪ ಅವಳತ್ತ ನಡೆದ, ಅವಳನ್ನು ದಾಟಿದ, ತಿರುಗಿ ಬಂದ, ಮತ್ತೆ ದಾಟಿದ. ನಿಲ್ಲಲು ಹೋದರೆ ಅಂಗಾಲಿನ ಕೆಳಗೆ ನೆಲ ಬಾಯಿ ತೆರೆಯುತ್ತಿತ್ತು.

ಮರುದಿನ ಗುರಲಿಂಗಪ್ಪ ದಾದರಿಗೆ ಹೋಗಿ, ತುಳಸಿಯ ಬೇರನ್ನು ಸಹ ಝಾಡಿಸಿ, ಮಣ್ಣೆಲ್ಲ ತಂದು ಕಂಬದ ಬುಡಕ್ಕೆ ಹಾಕಿದ. ಕುದುರೆಗಳು ನಾಲ್ಕೂ ಕಾಲೂರಿ ನಿಂತವು. ಅಳಿಯನ ಕಾಲಿಗೆ ಮಾತ್ರ ಆ ಮಣ್ಣು ದಕ್ಕಲಿಲ್ಲ. ಕೊಟ್ಟದ್ದು ಕೊಟ್ಟಾಯಿತು, ಎಂದಳು ರಾಚವ್ವ. ಸರ್ಕಸ್ಸು ಪುಣೆಯ ದಾರಿ ಹಿಡಿಯಿತು.

ಚಂದ್ರವ್ವ ಖೋಲಿಯಲ್ಲಿ ನೆಲೆನಿಂತಳು, ಅವನು ಬಯಸಿದಂತೆಯೇ. ಅವನದು ತಿರುಗಾಟ. ಅಂಗಡಿ ಹೋಯಿತು, ಮನೆಮನೆಗೆ ಬಲ್ಬು ಮಾರುವ ಕೆಲಸ ಸಿಕ್ಕಿತು. ನಿದ್ದೆಯೆಲ್ಲ ಲೋಕಲ್‌ನಲ್ಲಿ, ದಾದರಿನಿಂದ ಬೊರಿವಲಿ, ಬೊರಿವಲಿಯಿಂದ ದಾದರ್. ಓಡುವ ಗಾಡಿಯಲ್ಲಿ ಮಾತ್ರ ನೆಲ ಅವನನ್ನು ಮರೆಯುತ್ತಿತ್ತು. ಸಂಜೆ ಚಾಳಿನ ಗ್ಯಾಲರಿಯಲ್ಲಿ ನಡೆಯುತ್ತ ಬರುತ್ತಿದ್ದ. ಚಂದ್ರವ್ವ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದಿರುತ್ತಿದ್ದಳು. ತೆಗೆದುಕೊಂಡು ಗ್ಯಾಲರಿಯ ಕೊನೆಯವರೆಗೆ ಹೋಗಿ, ಬರುವಾಗ ಖಾಲಿ ಕಪ್ಪು ಕೊಡುತ್ತಿದ್ದ. ನೆರೆಯವರು ನಗುತ್ತಿದ್ದರು. ಅವನಿಗೆ ಅದರ ದುಃಖವಿರಲಿಲ್ಲ. ಒಳಗೆ ತೊಟ್ಟಿಲಲ್ಲಿ ಮಗಳು ಅಲುಗಾಡದೆ ಮಲಗಿರುತ್ತಿದ್ದಳು, ಗಟ್ಟಿ ನೆಲದ ಮೇಲೆ. ಅಷ್ಟಕ್ಕೇ ಅಲ್ಲವೇ ಇಷ್ಟೆಲ್ಲ?

ಒಂದು ಸಂಜೆ ಚಂದ್ರವ್ವನ ಕೈಯಲ್ಲಿ ಕಪ್ಪಿರಲಿಲ್ಲ. ಮುಖ ಅರಳಿತ್ತು.

“ನೋಡ್ ಬರ್ರಿ ನಿಮ್ಮ ಮಗಳನ್ನ! ನಿಲ್ಲೂದ ಕಲೀಲಿಲ್ಲರಿ ಹುಡುಗಿ, ಸೀದಾ ನಡ್ಯಾಕತ್ತಾಳ! ಮುಂಜಾನಿಂದ ಕುಂಡ್ರವಲ್ಲಳು!”

ಒಳಗೆ, ಗೋಡೆಯಿಂದ ಗೋಡೆಗೆ, ಗೋಡೆಯಿಂದ ಗೋಡೆಗೆ, ಪುಟ್ಟ ಕಾಲುಗಳು ನಡೆಯುತ್ತಿದ್ದವು. ಮಗು ಅಳುತ್ತಿತ್ತು. ಅಂದು ಕತ್ತಲಲ್ಲಿ ‘ನಂದೇನೈತೆಲ್ಲಾ ತಗೋ’ ಅಂದದ್ದು ಅವನಿಗೆ ನೆನಪಾಯಿತು. ಖೋಲಿಯ ತುಂಬ ಕೊಳೆತ ನಿಂಬೆಹಣ್ಣಿನ ವಾಸನೆ.