ಲೆಕ್ಕದ ಮೇಷ್ಟ್ರ ಕೊನೆಯ ಚೆಂಡು

ಲೆಕ್ಕದ ಮೇಷ್ಟ್ರ ತಲೆಯನ್ನು ಯಾರೋ ಹಳೇ ಮಡಕೆ ಒಡೆದ ಹಾಗೆ ಒಡೆದಿದ್ದರು. ಹೆಣ ಮಲಗಿದ್ದ ಸ್ನೂಕರ್ ಮೇಜಿನ ಹಸಿರು ಬಟ್ಟೆ ಹೊಟ್ಟೆ ಬಿರಿಯುವಷ್ಟು ರಕ್ತ ಕುಡಿದು, ಉಳಿದದ್ದನ್ನು ನೆಲಕ್ಕೆ ತೊಟ್ಟಿಕ್ಕಿಸುತ್ತಿತ್ತು. ಪಕ್ಕದಲ್ಲಿ ರಕ್ತ ಮೆತ್ತಿದ ಅಂಗಿಯಲ್ಲಿ ಮೇಷ್ಟ್ರ ಭಾವಮೈದ, ಲಾರಿ ಡ್ರೈವರ್. ಬಾಗಿಲಲ್ಲಿ ಅವನನ್ನು ಹಸಿಹಸಿ ತಿನ್ನಲು ಕಾದ ಜನ — ತೊಟ್ಟಿಲ ಕೂಸುಗಳನ್ನು ಬಿಟ್ಟು ಊರಿಗೆ ಊರೇ ಅಲ್ಲಿತ್ತು.

ಇನ್ಸ್‌ಪೆಕ್ಟರ್ ಸಿಡಿಲಮ್ಮ ಒಳಗೆ ಬಂದಳು. ಅವಳ ನಿಜವಾದ ಹೆಸರು ಇಲಾಖೆಗೇ ಮರೆತುಹೋಗಿತ್ತು. ಅವಳು ಒಬ್ಬನ ಕೆನ್ನೆಗೆ ಬಾರಿಸಿದರೆ ಪಕ್ಕದ ಬೀದಿಯವನ ಹಲ್ಲು ಅಲ್ಲಾಡುತ್ತಿತ್ತು. ಲೆಕ್ಕವೆಂದರೆ ಮಾತ್ರ ಅವಳಿಗೂ ಕೈಕಾಲು ನಡುಕ.

"ಯಾರು ನೋಡಿದ್ದು?"

"ನಾನು ಮೇಡಂ." ಮುಂದೆ ಬಂದವನು ಹುಲಿ, ಆ ಕ್ಲಬ್ಬಿನ ಹಳೇ ಚಾಂಪಿಯನ್. ಅವನ ಮೀಸೆ ಕಂಡರೆ ಸಾಕು, ಚೆಂಡುಗಳು ತಾವಾಗಿ ಗುಂಡಿಗೆ ಬೀಳುತ್ತಿದ್ದ ಕಾಲವೊಂದಿತ್ತು. "ನಾನು ಬಾಗಿಲ ಹತ್ರ ಕೌಂಟರಲ್ಲಿದ್ದೆ. ಇವನು ಬಂದ, ಸ್ಟ್ಯಾಂಡಿಂದ ಆಟದ ಕೋಲು ಕಿತ್ಕೊಂಡ, ಬಡಿದ. ಮೇಷ್ಟ್ರು ಮೇಜಿನ ಆ ಕಡೆ ಕುಸಿದ್ರು. ಎಡಗೈಲಿ ಮೂಲೆ ಗುಂಡಿಯ ಬಲೆ ಹಿಡ್ಕೊಂಡು ಒದ್ದಾಡ್ತಿದ್ರು, ಪಾಪ. ಮತ್ತೆ ಬಡಿದ."

"ಮೇಜು ಅಡ್ಡ ಇದೆ. ಕೈ ಹೇಗಪ್ಪ ಕಾಣಿಸ್ತು?"

"ಗೋಡೇಲಿ ಅಂಗೈಯಗಲದ ಕನ್ನಡಿ ಇತ್ತಲ್ಲ, ಅದ್ರಲ್ಲಿ. ಎರಡನೇ ಏಟಿಗೆ ಕೋಲು ತಗಲಿ ಅದೂ ಪುಡಿಪುಡಿ."

ಸಿಡಿಲಮ್ಮ ಹೆಣದ ಎಡಗೈ ಬಿಡಿಸಿದಳು. ಉಗುರಲ್ಲಿ ಬಲೆಯ ದಾರ. ಮಾತು ನಿಜವೇ. ಗೋಡೆಯಲ್ಲಿ ಕನ್ನಡಿಯ ಮೊಳೆ ಮಾತ್ರ ಉಳಿದಿತ್ತು.

"ನೀನೇನಂತೀಯ?"

"ನಾನು ಬಂದಾಗ ಭಾವ ನೆಲದ ಮೇಲಿದ್ರು," ಡ್ರೈವರ್ ಬಿಕ್ಕಿದ. "ಎತ್ತಿ ಮೇಜಿನ ಮೇಲೆ ಮಲಗಿಸ್ದೆ. ಬೆಳಿಗ್ಗೆ ಜಗಳ ಆಡಿದ್ದು ನಿಜ. ಜೂಜಿನ ಮನೇಲಿ ಕೂತು ಎಂಥ ಪಾಠ ಭಾವ ಅಂದೆ. ಅಷ್ಟೇ."

"ಹೊಡೆದ ಕೋಲೆಲ್ಲಿ?"

ಒರೆಸಿದ್ದರೂ ಬುಡದ ಬಿರುಕಿನಲ್ಲಿ ರಕ್ತ ಅಂಟಿದ್ದ ಕೋಲು ಕೋಣೆಯ ಒಳಮೂಲೆಯ ಸ್ಟ್ಯಾಂಡಿನಲ್ಲಿ, ತನ್ನ ಜಾಗದಲ್ಲೇ ನೆಟ್ಟಗೆ ನಿಂತಿತ್ತು. ಸಿಡಿಲಮ್ಮನ ಹುಬ್ಬು ಗಂಟಿಕ್ಕಿತು.

ಮೇಷ್ಟ್ರ ಹೆಂಡತಿ ಹೆಣದ ಕಾಲ ಬಳಿ ಕೂತಿದ್ದಳು. "ಗಂಡ ಹೋದ್ರು. ನನ್ನ ತಮ್ಮನನ್ನೂ ತಗೊಂಡು ಹೋಗ್ತೀರಾ?"

"ಮೇಷ್ಟ್ರು ಇಲ್ಲಿ ಏನು ಕಲಿಸ್ತಿದ್ರಮ್ಮ?"

"ಬದುಕಿಗೆ ಬೇಕಾದ ಲೆಕ್ಕ. ಕ್ಷೌರದಂಗಡಿಯವನಿಗೆ ಕನ್ನಡಿ ಎಲ್ಲಿ ಹಾಕಿದ್ರೆ ಗಿರಾಕಿಗೆ ಹಿಂದಲೆ ಕಾಣುತ್ತೆ ಅಂತ ಈ ಮೇಜಿನ ಮೇಲೇ ತೋರಿಸಿದ್ರು. ಚೆಂಡು ಎಷ್ಟು ಓರೆಯಾಗಿ ಹೋಗುತ್ತೋ ಅಷ್ಟೇ ಓರೆಯಾಗಿ ವಾಪಸ್ ಬರುತ್ತೆ, ಬೆಳಕೂ ಹಾಗೇ ಅನ್ನೋರು. ಮನೇಲಿ ನನ್ನ ಕೈಲೂ ಗೋಲಿ ಉರುಳಿಸೋರು."

ಸಿಡಿಲಮ್ಮ ಮೊಳೆ ನೋಡಿದಳು. ಹುಲಿಯನ್ನು ನೋಡಿದಳು. ಕೆಂಪು ಚೆಂಡೊಂದನ್ನು ಆ ಹೆಂಗಸಿನ ಕೈಗಿಟ್ಟಳು.

"ಹರಿದ ಬಲೆಯ ಕೆಳಗಿಂದ ಉರುಳಿಸಮ್ಮ. ಸರಿಯಾಗಿ ಮೊಳೆ ಕೆಳಗೆ ಗೋಡೆಗೆ ತಾಗ್ಬೇಕು."

ಜನ ಉಸಿರು ಬಿಗಿಹಿಡಿದ ರಭಸಕ್ಕೆ ಕೋಣೆಯ ಗಾಳಿಯೇ ಖಾಲಿಯಾಯಿತು. ಚೆಂಡು ಉರುಳಿತು. ಟಕ್ — ಗೋಡೆ ಮುಟ್ಟಿ ತಿರುಗಿತು. ಕೌಂಟರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರವಾಗಿ ಕೋಲುಗಳ ಸ್ಟ್ಯಾಂಡಿನ ಬುಡಕ್ಕೆ ಹೋಗಿ ನಿಂತಿತು.

ಇನ್ನೊಮ್ಮೆ ಉರುಳಿಸಿದಳು. ಅಲ್ಲಿಗೇ.

"ಕಂಡದ್ದು ನಿಜ, ಹುಲಿ. ನಿಂತ ಜಾಗ ಸುಳ್ಳು," ಎಂದಳು ಸಿಡಿಲಮ್ಮ. "ಆ ಕನ್ನಡೀಲಿ ಆ ಕೈ ಕಾಣೋದು ಸ್ಟ್ಯಾಂಡ್ ಮುಂದೆ ನಿಂತವನಿಗೆ ಮಾತ್ರ. ಹಾಗಾದ್ರೆ ಡ್ರೈವರ್ ಕೋಲು ಕಿತ್ಕೊಂಡಿದ್ದು ನಿನ್ನ ಕಂಕುಳಿಂದಲಾ? ಅವನಾಗಿದ್ರೆ ಹೊಡೆದ ಕೋಲನ್ನ ಅಲ್ಲೇ ಎಸೀತಿದ್ದ. ಒರೆಸಿ ಅದರ ಜಾಗದಲ್ಲೇ ಇಡೋದು ಆಟಗಾರನ ಚಾಳಿ. ಮೊದಲನೇ ಏಟು ಹಾಕ್ದೆ. ಕೋಲು ವಾಪಸ್ ಇಡೋಕೆ ಹೋದೆ. ಕನ್ನಡೀಲಿ ಮೇಷ್ಟ್ರ ಕೈ ಅಲ್ಲಾಡ್ತಿತ್ತು. ಮತ್ತೆ ಬಂದು ಮುಗಿಸ್ದೆ."

"ಚೆಂಡಿಗೆ ತಿರುವು ಕೊಟ್ಟಿದ್ದಾಳೆ ಇವಳು!"

"ಚಾಂಪಿಯನ್ ಅಲ್ವಾ? ನೀನೇ ಉರುಳಿಸಿ ತೋರ್ಸು."

ಹುಲಿ ಚೆಂಡು ಮುಟ್ಟಲಿಲ್ಲ, ಕೋಲಿಗೆ ಹಾರಿದ. ಸಿಡಿಲಮ್ಮನ ಹಿಡಿತಕ್ಕೆ ಅವನ ಮಣಿಕಟ್ಟು ಮುರಿದ ಸದ್ದಿಗೆ ಮೂರು ಬೀದಿಯಾಚೆ ನಾಯಿಗಳು ಬೊಗಳಿದವು.

"ಅರ್ಧ ಆಯುಷ್ಯ ಸವೆಸಿದ ಕೈ ಇದು," ಅವನು ನೆಲದ ಮೇಲೆ ಹೊರಳುತ್ತಾ ಅರಚಿದ. "ಇದರ ಚಳಕಾನ ಆ ಲೆಕ್ಕದವನು ಕಂಡಕಂಡವರಿಗೆಲ್ಲ ಲೆಕ್ಕ ಮಾಡಿ ಹಂಚಿದ! ಸೊಪ್ಪು ಮಾರೋನು ನನ್ನ ಸೋಲಿಸ್ದ. ಕ್ಷೌರದವನು ಸೋಲಿಸ್ದ..."

ಮೇಷ್ಟ್ರ ಹೆಂಡತಿ ಎದ್ದು ಬಂದು, ಅವನ ಮುಖದ ಪಕ್ಕದಿಂದ ಚೆಂಡನ್ನು ಎತ್ತಿಕೊಂಡಳು. ಸೆರಗಿನಲ್ಲಿ ಒರೆಸಿ ಗಂಡನ ಎಡಗೈಯಲ್ಲಿಟ್ಟು ಬೆರಳು ಮಡಚಿದಳು. ಆಮೇಲೆ ತಮ್ಮನ ರಟ್ಟೆ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಹೊರಟಳು.