ಕಡೆಯವರೆಗೂ ಕೇಳಿದವರು

"ಮತ್ತೆ ಸೈಟಿಗೆ ಆ ದೊಡ್ಡ ಫೋಟೋಗಳನ್ನ ಹಾಕಿದ್ದೀರಾ?" ಎಂದು ಬಾಗಿಲಲ್ಲೇ ಕೇಳಿದೆ.

ಸ್ಕಂದರ್ ಊದ್ ಎಂಬ ತಂತಿವಾದ್ಯದ ದುಂಡನೆಯ ಹೊಟ್ಟೆಗೆ ಮೆರುಗು ಉಜ್ಜುತ್ತಿದ್ದ. ನಮ್ಮೂರ ಗಂಡಸರ ರೂಢಿಯಂತೆ ಕಿವಿಯ ಮೇಲೆ ಮಲ್ಲಿಗೆ ಮೊಗ್ಗಿನ ಗೊಂಚಲು. ತಲೆ ಎತ್ತಿ ನೋಡಿದ, ಕಣ್ಣು ತಗ್ಗಿಸಿದ, ಮತ್ತೆ ನೋಡಿದ.

"ಚಿಕ್ಕ ಫೋಟೋದಲ್ಲಿ ಮರದ ಗೆರೆ ಕಾಣಲ್ಲ, ಎಮ್ನಾ ಅವರೇ."

"ಗೆರೆ ಕಾಣೋ ಹೊತ್ತಿಗೆ ಗಿರಾಕಿ ಎದ್ದು ಹೋಗಿರ್ತಾನೆ."

"ಹೋಗೋರು ಹೋಗ್ಲಿ ಬಿಡಿ. ಟೀ ಕುಡೀತೀರಾ?"

"ಹೊತ್ತಿಲ್ಲ."

ಮೂಲೆಯಲ್ಲಿ ಕೂತಿದ್ದ ಅವನ ಸೋದರತ್ತೆ ಮೊಂಜಿಯಾ ಕಿಸಕ್ಕನೆ ನಕ್ಕರು. ಯಾಕೆಂದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ತಲೆ ಕೆಡಿಸಿಕೊಳ್ಳುವ ಜಾಯಮಾನವೂ ನನ್ನದಲ್ಲ.

ಟ್ಯೂನಿಸ್ಸಿನ ಹಳೇ ಪೇಟೆಯ ಸಣ್ಣ ಅಂಗಡಿಗಳ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಯಾರು ಬಂದರು, ಎಷ್ಟು ಹೊತ್ತು ಇದ್ದರು, ಯಾವ ಪುಟ ತೆರೆಯುವುದು ತಡವಾಗಿ ಬೇಸತ್ತು ಹೋದರು, ಇಷ್ಟೇ. ಯಾರ ಮುಖವನ್ನೂ ನೋಡಬೇಕಿಲ್ಲ, ನನಗೆ ಹೇಳಿ ಮಾಡಿಸಿದಂಥ ಕೆಲಸ. ಆದರೆ ಈ ವಾದ್ಯದ ಅಂಗಡಿಯ ಸೈಟ್ ಮಹಾ ಹಠಮಾರಿ. ಸೋಮವಾರ ಚುರುಕು ಮಾಡಿ ಹೋದರೆ ವಾರ ಮುಗಿಯುವುದರೊಳಗೆ ಮತ್ತೆ ಕುಂಟುತ್ತಿತ್ತು. ಈ ಮನುಷ್ಯನ ತಲೆಯಲ್ಲಿ ಏನೂ ಇಲ್ಲ ಎಂದುಕೊಂಡಿದ್ದೆ. ಬೆರಳುಗಳು ಮಾತ್ರ ಚೆನ್ನಾಗಿವೆ ಎಂದೂ ಅಂದುಕೊಂಡಿದ್ದೆ, ಅದು ಬೇರೆ ವಿಷಯ.

ಮದುವೆ ಕಾಲ ಹತ್ತಿರ ಬಂದಿತ್ತು. ಊದ್‌ಗಳು ಮಾರಾಟವಾಗುವುದೇ ಆಗ. ಸೈಟ್ ಹೀಗೇ ಕುಂಟಿದರೆ ಅಂಗಡಿಗೆ ಹೊಡೆತ. ಸರಿಹೋಯಿತೆಂದರೆ ನನ್ನ ಕೆಲಸ ಮುಗಿಯಿತು, ಆ ಓಣಿಗೆ ಬರಲು ಕಾರಣವಿಲ್ಲ. ಈ ಎರಡನೆಯದು ನೆನಪಾದಾಗಲೆಲ್ಲ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಗ್ಯಾಸ್ಟ್ರಿಕ್ ಇರಬೇಕು ಎಂದು ಸುಮ್ಮನಾಗಿದ್ದೆ.

ಅಂದು ಅವನು ಮತ್ತೆ ಕೈಯಾಡಿಸದಂತೆ ಸೈಟಿನ ಪಾಸ್‌ವರ್ಡನ್ನೇ ಬದಲಿಸಿಬಿಟ್ಟೆ. ಫೋಟೋಗಳನ್ನು ಕುಗ್ಗಿಸಿದೆ. ಪ್ರತಿ ಊದ್‌ನ ಪುಟಕ್ಕೂ ಅವನು ತಾನೇ ನುಡಿಸಿ, ರೆಕಾರ್ಡ್ ಮಾಡಿ, ಇಡಿಯಾಗಿ ಹಾಕಿದ್ದ. ಶುರುವಿನ ಚೂರು ಉಳಿಸಿ ಮಿಕ್ಕಿದ್ದನ್ನೆಲ್ಲ ಕತ್ತರಿಸಿದೆ. ಕೇಳುವ ಗೋಜಿಗೆ ಹೋಗಲಿಲ್ಲ. ನಾನು ಫೈಲಿನ ಭಾರ ನೋಡುವವಳು.

"ಇನ್ನು ನೀವು ಬರೋ ಕೆಲಸ ಇಲ್ಲ, ಹಾಗಾದ್ರೆ?" ಎಂದ ಸ್ಕಂದರ್.

"ಇಲ್ಲ. ಖುಷಿಪಡಿ."

ಅವನು ಖುಷಿಪಡಲಿಲ್ಲ. ಮೊಂಜಿಯಾ ಅತ್ತೆಯೂ ಈ ಸಲ ನಗಲಿಲ್ಲ.

ಸೈಟ್ ಓಡತೊಡಗಿತು. ಎಲ್ಲ ಪುಟಗಳಲ್ಲೂ ಜನ ಹೆಚ್ಚು ಹೊತ್ತು ನಿಂತರು, ಒಂದನ್ನು ಬಿಟ್ಟು. ಅಕ್ರೋಟು ಮರದ ಊದ್‌ನ ಪುಟ ಹಿಂದೆ ಎಷ್ಟೇ ತಡವಾಗಿ ತೆರೆದರೂ ಜನ ಕಾದು ಕೂತು, ಕಡೆಯವರೆಗೂ ಇದ್ದು, ಮರುದಿನ ಮತ್ತೆ ಬರುತ್ತಿದ್ದರು. ಈಗ ಚಕ್ಕನೆ ತೆರೆಯುತ್ತಿತ್ತು, ಅವರು ಚಕ್ಕನೆ ಹೊರಡುತ್ತಿದ್ದರು. ಇದೆಂಥ ಕರ್ಮ ಎಂದು ಗಿರಾಕಿಗಳ ಸಂದೇಶಗಳನ್ನು ತೆರೆದೆ.

ಓರಾನ್ ಊರಿನ ಹೆಂಗಸೊಬ್ಬಳು ಬರೆದಿದ್ದಳು: "ಆ ಅತ್ತೆ ಎಲ್ಲಿ? ಮನೆಯವರೆಲ್ಲ ಕೂತು ಕೇಳ್ತಿದ್ವಲ್ಲ!" ಅಲೆಕ್ಸಾಂಡ್ರಿಯಾದಿಂದ ಒಬ್ಬ: "ಪುಣ್ಯಾತ್ಮ, ಹುಡುಗಿಗೆ ಹೇಳಿದೆಯೋ ಇಲ್ವೋ? ಅಷ್ಟಾದ್ರೂ ತಿಳಿಸು."

ಆ ಪುಟದ ಹಳೇ, ಪೂರ್ತಿ ರೆಕಾರ್ಡಿಂಗ್ ತೆಗೆದು ಮೊದಲ ಬಾರಿಗೆ ಕೇಳಿದೆ. ನುಡಿಸಿದ್ದು ಚೆನ್ನಾಗಿತ್ತು. ತಂತಿ ನಿಂತಿತು. ಟೀ ಲೋಟದ ಸದ್ದು. ಆಮೇಲೆ ಮೊಂಜಿಯಾ ಅತ್ತೆಯ ದನಿ.

"ಹೇಳಿದೆಯೇನೋ ಆ ಎಮ್ನಾಗೆ?"

"ಏನಂತ ಹೇಳ್ಲಿ ಅತ್ತೆ? ಸೈಟ್ ಸರಿಹೋದ ದಿನ ಅವಳು ಬರೋದು ನಿಲ್ಲಿಸ್ತಾಳೆ."

"ಅದಕ್ಕೇನೋ ಫೋಟೋಗಳನ್ನ ಮತ್ತೆ ಮತ್ತೆ ಹಾಕ್ತಿರೋದು? ಕತ್ತೆ!"

"ಇನ್ನೇನು ಮಾಡ್ಲಿ? ಬಂದ್ರೆ ಬೈತಾಳೆ. ಬೈದ್ರೂ ಪರವಾಗಿಲ್ಲ, ಅವಳ ದನಿ ಕೇಳ್ಬೇಕು ನಂಗೆ."

ರೆಕಾರ್ಡರ್ ಆರಿಸಲು ಮರೆತಿದ್ದಾನೆ, ಹಾಗೇ ಸೈಟಿಗೆ ಏರಿಸಿದ್ದಾನೆ. ಓರಾನ್‌ಗೆ ಗೊತ್ತು, ಅಲೆಕ್ಸಾಂಡ್ರಿಯಾಕ್ಕೆ ಗೊತ್ತು. ಆ ಪುಟವನ್ನು ದಿನಾ ಅಳೆಯುತ್ತಿದ್ದ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳಿದೆ. ಎದೆಯ ನೋವು ಗ್ಯಾಸ್ಟ್ರಿಕ್ ಅಲ್ಲವೆಂದು ಒಪ್ಪಿಕೊಂಡು, ಸ್ವಲ್ಪ ಕಣ್ಣೀರು ಹಾಕಿದೆ.

ಬೆಳಿಗ್ಗೆ ಅಂಗಡಿಗೆ ಹೋಗಿ ಅವನೆದುರು ಫೋನಿನಲ್ಲಿ ಅದನ್ನೇ ಹಾಕಿದೆ. ಮಲ್ಲಿಗೆ ಇದ್ದ ಕಿವಿ ಮೊದಲು ಕೆಂಪಾಯಿತು, ಆಮೇಲೆ ಇನ್ನೊಂದು. ಮೊಂಜಿಯಾ ಅತ್ತೆ, "ಅಯ್ಯೋ, ಬ್ರೆಡ್ ತರೋದಿತ್ತು" ಎಂದು ಎದ್ದು ಹೋದರು.

"ಮದುವೆ ಕಾಲದಲ್ಲಿ ಗಿರಾಕಿಗಳನ್ನ ಓಡಿಸ್ಕೊಂಡು ಕೂತಿದ್ದೀಯಲ್ಲ, ಬುದ್ಧಿ ಇದೆಯಾ ನಿಂಗೆ? ಟೀಗೆ ಕರೆದಿದ್ರೆ ಬರ್ತಿರ್ಲಿಲ್ವಾ ನಾನು?"

"ಎಷ್ಟು ಸಲ ಕರೆದೆ!"

ನಿಜ. ಬಂದಾಗಲೆಲ್ಲ ಕರೆದಿದ್ದ. ಸ್ಟೂಲ್ ಎಳೆದು ಕೂತೆ.

"ಆ ಪುಟಕ್ಕೆ ಪೂರ್ತಿ ರೆಕಾರ್ಡಿಂಗ್ ವಾಪಸ್ ಹಾಕಿದ್ದೀನಿ," ಎಂದೆ. "ಅದೊಂದು ನಿಧಾನವಾಗೇ ಇರ್ಲಿ. ಆದ್ರೆ ಓರಾನ್‌ನವರು ಮುಂದೇನಾಯ್ತು ಅಂತ ಕೇಳ್ತಿದ್ದಾರೆ."

ಸ್ಕಂದರ್ ರೆಕಾರ್ಡರ್ ತಂದು ನಮ್ಮಿಬ್ಬರ ನಡುವೆ ಇಟ್ಟು, ಆ ಚೆಂದದ ಬೆರಳಿನಿಂದ ಗುಂಡಿ ಒತ್ತಿದ.

"ಎಮ್ನಾ, ಸೈಟ್ ಸರಿಹೋಯ್ತು. ಆದ್ರೂ ನೀನು ಇಲ್ಲಿಗೆ ಬರ್ತಾ ಇರ್ಬೇಕು, ನನಗೋಸ್ಕರ. ಬರ್ತೀಯಾ?"

ನಾನು ಕೈಚಾಚಿ ರೆಕಾರ್ಡರ್ ಆರಿಸಿದೆ.

"ಅವರು ಕಾಯ್ಲಿ," ಎಂದೆ. "ಬರ್ತೀನಿ. ಈಗ ಟೀ ಹಾಕು."